ಹಿಮ್ಮೇಳಕ್ಕೂ ಒಂದು ಹೆಸರಿದೆ

ಅಮೆರಿಕದ ಟೆನೆಸಿ ರಾಜ್ಯದ ಸಣ್ಣ ಊರು ಬರ್ಡ್ಸ್‌ಟೌನ್. ಅಲ್ಲಿನ ಸಿಯೆರಾ ಹಲ್ 2008ರಲ್ಲಿ ‘ಸೀಕ್ರೆಟ್ಸ್’ ಎಂಬ ಬ್ಲೂಗ್ರಾಸ್ ಆಲ್ಬಮ್ ತಂದಾಗ ಆಕೆಗೆ 16 ವರ್ಷ. ನುಡಿಸುವುದು ಮ್ಯಾಂಡೊಲಿನ್. ಕೆಂಟಕಿಯ ಹಳ್ಳಿಗಾಡಿನಿಂದ ಬಂದು ಈ ಸಂಗೀತಕ್ಕೆ ರೂಪ ಕೊಟ್ಟ ಬಿಲ್ ಮನ್ರೊ ನುಡಿಸುತ್ತಿದ್ದುದೂ ಅದನ್ನೇ. ಬ್ಲೂಗ್ರಾಸ್ ಮೇಳದಲ್ಲಿ ಸಾಮಾನ್ಯವಾಗಿ ಚರ್ಮವಾದ್ಯ ಇರುವುದಿಲ್ಲ. ಎಡಗೈ ಬೆರಳಲ್ಲಿ ತಂತಿಯ ನಾದ ತಡೆದು, ಬಲಗೈಯಲ್ಲಿ ಚಟ್ಟನೆ ಮೀಟಿ, ಮ್ಯಾಂಡೊಲಿನ್ನೇ ಲಯ ಹಿಡಿಯುತ್ತದೆ. ಹಾಡಿನ ನಡುವೆ ಒಬ್ಬೊಬ್ಬ ವಾದಕರಿಗೂ ಮುಂದೆ ಬಂದು ನುಡಿಸುವ ಸರದಿ ಇರುತ್ತದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯವರಿಗೆ ಇದನ್ನು ಕೇಳಿದೊಡನೆ ಗೀಗೀ ಮೇಳ ನೆನಪಾಗಬೇಕು. ಮುಂದೆ ದಪ್ಪು ಹಿಡಿದ ಹಾಡುಗಾರರು, ಹಿಂದೆ ತುಂತುಣಿ ಮತ್ತು ತಾಳ. ತುಂತುಣಿಗೆ ಇರುವುದು ಒಂದೇ ತಂತಿ. ಟೊಳ್ಳು ಕಟ್ಟಿಗೆಯ ಕೆಳಬಾಯಿಗೆ ತೊಗಲು ಬಿಗಿದು, ಅದರ ನಡುವಿನಿಂದ ಎಳೆದ ತಂತಿಯನ್ನು ಕೋಲಿನ ಮೇಲ್ತುದಿಯ ಬಿರಡೆಗೆ ಸುತ್ತಿರುತ್ತಾರೆ. ಶ್ರುತಿಯನ್ನೂ ಲಯವನ್ನೂ ಆ ಒಂದೇ ತಂತಿ ಹೊರಬೇಕು. ಹರದೇಶಿ–ನಾಗೇಶಿ ವಾದ ಎಷ್ಟೇ ಬಿರುಸಾಗಲಿ, ರಾತ್ರಿ ಎಷ್ಟೇ ಸರಿಯಲಿ, ತುಂತುಣಿಯವರ ಕೈ ತಪ್ಪುವಂತಿಲ್ಲ. ಆದರೆ ಅವರಿಗೆ ಮುಂದೆ ಬರುವ ಸರದಿ ಸಿಗುವುದು ಅಪರೂಪ.

ಹಿಂದೆ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬರು ಜನಪದರ ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಬಂತು, ಆಮೇಲೆ ಲಾವಣಿಗಳ ‘ಜೀವನ ಸಂಗೀತ’ ಬಂತು. ಕನ್ನಡ ಆ ಗೆಳೆಯರ ಋಣ ಮರೆಯಲಾರದು. ಪದ ಉಳಿಯಿತು, ದನಿಯನ್ನು ಹಿಡಿದಿಡುವ ಸಾಧನ ಆಗ ಅವರ ಕೈಯಲ್ಲಿರಲಿಲ್ಲ.

ಇಂದು ಅದು ಎಲ್ಲರ ಜೇಬಿನಲ್ಲಿದೆ. ಜಾತ್ರೆಯಲ್ಲಿ ರಾತ್ರಿ ಹಾಡಿದ್ದು ಬೆಳಗಾಗುವುದರೊಳಗೆ ಊರೂರಿನ ಮೊಬೈಲಿಗೆ ಹೋಗಿರುತ್ತದೆ. ಆದರೆ ಧ್ವನಿಮುದ್ರಣ ಮಾಡಿದ್ದೆಲ್ಲ ಆಲ್ಬಮ್ ಆಗುವುದಿಲ್ಲ. ಹಾಡುಗಳನ್ನು ಆರಿಸಬೇಕು, ಯಾವುದರ ನಂತರ ಯಾವುದೆಂದು ಯೋಚಿಸಬೇಕು, ಗದ್ದಲವಿಲ್ಲದ ಕಡೆ ಕೂತು ಮುದ್ರಿಸಬೇಕು. ಪದ ಕಟ್ಟಿದವರು ಯಾರು, ತುಂತುಣಿ ಯಾರದು, ತಾಳ ಯಾರದು ಎಂದು ಬರೆಯಬೇಕು. ಹದಿಹರೆಯದ ಹುಡುಗ ಹುಡುಗಿಯರು ಈ ವಾದ್ಯ ಹಿಡಿಯಬೇಕಾದರೆ, ತಮ್ಮ ಕೈಚಳಕಕ್ಕೂ ಒಂದು ಹೆಸರು ಸಲ್ಲುತ್ತದೆ ಎಂಬ ಭರವಸೆ ಅವರಿಗೆ ಸಿಗಬೇಕು.

ಮೇಳದ ಹಿರಿಯರಲ್ಲಿ ನಮ್ಮ ಬಿನ್ನಹ ಇಷ್ಟೇ: ಮುಂದಿನ ಮುದ್ರಣದಲ್ಲಿ ಒಂದು ಪದದ ನಡುವೆಯಾದರೂ ತುಂತುಣಿಯವರಿಗೆ ಮುಂದೆ ಬರಲು ಬಿಡಿ, ಅವರ ಹೆಸರನ್ನು ಹಾಡುಗಾರರ ಹೆಸರಿನ ಪಕ್ಕದಲ್ಲೇ ಹಾಕಿ. ಅಂಥ ಆಲ್ಬಮ್ ಯಾವ ಹಳ್ಳಿಯಿಂದಲೇ ಬರಲಿ, ಪುಸ್ತಕಕ್ಕೆ ಕೊಡುವಷ್ಟೇ ಜಾಗವನ್ನು ಅದರ ವಿಮರ್ಶೆಗೂ ಈ ಪತ್ರಿಕೆ ಕೊಡುತ್ತದೆ.