ಹಾವು ಹಿಡಿಯುವವರ ಸಂಘಕ್ಕೆ ಹಾರ-ತುರಾಯಿ ಆಮೇಲೆ, ಮೊದಲು ಕೊಕ್ಕೆ-ಚೀಲ

ಮಳೆ ಹಿಡಿಯಿತೆಂದರೆ ಮಲೆನಾಡಿನಲ್ಲಿ ಹಾವು ಹಿಡಿಯುವವರ ಫೋನಿಗೆ ಪುರುಸೊತ್ತಿಲ್ಲ. ತೀರ್ಥಹಳ್ಳಿ ಕಡೆ ಕೊಟ್ಟಿಗೆಯಲ್ಲಿ ನಾಗರ, ಹೊಸನಗರದ ಕಡೆ ಸೌದೆ ರಾಶಿಯಲ್ಲಿ ಕೊಳಕುಮಂಡಲ, ಆಗುಂಬೆ ಸುತ್ತ ಅಡಿಕೆ ತೋಟದಲ್ಲಿ ಹತ್ತು-ಹನ್ನೆರಡು ಅಡಿಯ ಕಾಳಿಂಗ. "ಅಣ್ಣಾ, ಬೇಗ ಬನ್ನಿ, ಹೆಂಗಸರು ಮಕ್ಕಳು ಅಂಗಳದಲ್ಲೇ ನಿಂತಿದ್ದಾರೆ" ಅಂತ ಕರೆ. ಅಣ್ಣ ಊಟದ ತಟ್ಟೆ ಬಿಟ್ಟೇಳುತ್ತಾನೆ, ತನ್ನ ಬೈಕಿಗೆ ತಾನೇ ಪೆಟ್ರೋಲು ಹಾಕಿಸಿಕೊಂಡು ಹೋಗುತ್ತಾನೆ. ಹಾವು ಚೀಲಕ್ಕೆ ಬಿದ್ದ ಮೇಲೆ ಕೆಲವರು ನೂರಿನ್ನೂರು ರೂಪಾಯಿ ಕೊಡುತ್ತಾರೆ. ಕೆಲವರು ಕಾಫಿ ಕೊಟ್ಟು, ದೇವರು ಒಳ್ಳೇದು ಮಾಡ್ಲಿ ಅಂತಾರೆ.

ಅವನಿಗೇ ಕಚ್ಚಿದರೆ? ಆಸ್ಪತ್ರೆ ಖರ್ಚು ಯಾರದು? ಹೆಂಡತಿ ಮಕ್ಕಳ ಗತಿ ಏನು? ಹಾವು ಹಿಡಿಯಲು ಹೋಗಿ ಹಾವಿನಿಂದಲೇ ಸತ್ತವರ ಸುದ್ದಿ ರಾಜ್ಯದಲ್ಲಿ ಹೊಸದಲ್ಲ. ಸತ್ತ ದಿನ ಊರಿಗೆ ಊರೇ ಮರುಗುತ್ತದೆ, ಹದಿನೈದು ದಿನದ ಮೇಲೆ ಕೇಳುವವರಿಲ್ಲ.

ಹೀಗಾಗಿ ಹಾವು ಹಿಡಿಯುವವರಿಗೆ ಜಿಲ್ಲೆಗೊಂದು ಸಂಘ ಬೇಕು ಎಂಬ ಮಾತು ಆಗಾಗ ಏಳುವುದು ಸಹಜವೇ. ಬೇಕು, ಖಂಡಿತ ಬೇಕು. ಆದರೆ ನಮ್ಮ ಕಡೆಯ ಸಂಘಗಳ ಹಣೆಬರಹ ಎಲ್ಲರಿಗೂ ಗೊತ್ತು. ನಾಲ್ಕು ಜನ ಸೇರಿದರೆ ಒಬ್ಬ ಗೌರವಾಧ್ಯಕ್ಷ, ಇಬ್ಬರು ಉಪಾಧ್ಯಕ್ಷರು, ಒಂದು ಬ್ಯಾನರು, ಒಂದು ಸನ್ಮಾನ. ಎರಡನೇ ವರ್ಷ ಲೆಕ್ಕಪತ್ರದ ಜಗಳ. ಹಾವು ಹಿಡಿಯುವವರ ಸಂಘವೂ ಇದೇ ದಾರಿ ಹಿಡಿಯುವುದಾದರೆ ಹುಟ್ಟದಿದ್ದರೇ ವಾಸಿ.

ಸಂಘ ಮೊದಲು ಕೈ ಹಾಕಬೇಕಾದದ್ದು ತನ್ನವರ ಚಾಳಿಗೆ. ಹೆಡೆ ಎತ್ತಿದ ನಾಗರನ ನೆತ್ತಿಗೆ ಮುತ್ತು ಕೊಡುವುದು, ಕಾಳಿಂಗನ ಬಾಲ ಹಿಡಿದು ಜನರ ಮುಂದೆ ಕುಣಿಸುವುದು, ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿಸಿ ಊರಿಗೆಲ್ಲ ಹಂಚುವುದು, ಇದು ಧೈರ್ಯವಲ್ಲ, ಹುಚ್ಚಾಟ. ಕೆಲಸ ಬಲ್ಲವನು ಹಾವನ್ನು ಮುಟ್ಟುವುದೇ ಅಪರೂಪ. ಉದ್ದನೆ ಕೊಕ್ಕೆ, ಕಪ್ಪು ಬಟ್ಟೆಯ ಚೀಲ, ಚೀಲದ ಬಾಯಿಗೆ ಒಂದು ಪೈಪಿನ ತುಂಡು, ಇಷ್ಟು ಸಾಕು. ಬೆದರಿದ ಹಾವು ಕತ್ತಲ ಬಿಲ ಹುಡುಕುತ್ತದೆ. ಪೈಪಿನ ಬಾಯಿ ಎದುರಿಗಿಟ್ಟು, ಕೊಕ್ಕೆಯಿಂದ ಮೆಲ್ಲಗೆ ದಾರಿ ತೋರಿಸಿ, ಸುತ್ತ ನಿಂತವರ ಬಾಯಿ ಮುಚ್ಚಿಸಿದರೆ ಅದು ತಾನಾಗಿ ಒಳಗೆ ಸರಿಯುತ್ತದೆ. ನೋಡುವವರಿಗೆ ಮಜಾ ಇಲ್ಲ ನಿಜ. ಕೊಕ್ಕೆ-ಚೀಲ ಇಲ್ಲದೆ ಹಿಡಿಯುವವನಿಗೆ, ಕುಡಿದು ಹೋಗುವವನಿಗೆ, ಹಾವು ಮನೆಗೊಯ್ದು ಪ್ರದರ್ಶನಕ್ಕಿಡುವವನಿಗೆ ಸದಸ್ಯತ್ವ ಇಲ್ಲ ಎಂದು ಬರೆದುಕೊಂಡೇ ಸಂಘ ಶುರುವಾಗಲಿ.

ಎರಡನೆಯದು ಕಾಗದ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಕೆಳಗೆ ಮನಸ್ಸಿಗೆ ಬಂದಂತೆ ಹಾವು ಹಿಡಿಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಎಷ್ಟೋ ಸಲ ಇಲಾಖೆಯವರೇ "ಸ್ವಲ್ಪ ಹೋಗಿ ಬಾರಯ್ಯಾ" ಎಂದು ಕಳಿಸುತ್ತಾರೆ. ಕೈಯಲ್ಲಿ ಗುರುತಿನ ಚೀಟಿ ಇರುವುದಿಲ್ಲ. ಪಕ್ಕದ ಕೇರಳದ ಅರಣ್ಯ ಇಲಾಖೆ 2020ರಲ್ಲೇ ಇದಕ್ಕೆ ನಿಯಮ ಮಾಡಿತು. ತರಬೇತಿ ಕೊಟ್ಟು, ಸರ್ಟಿಫಿಕೇಟು ಕೊಟ್ಟು, ಹತ್ತಿರದಲ್ಲಿ ಯಾರಿದ್ದಾರೆ ಎಂದು ಜನ ಹುಡುಕಲು 'ಸರ್ಪ' ಎಂಬ ಮೊಬೈಲ್ ಆ್ಯಪನ್ನೂ ತಂದಿತು. ತರಬೇತಿ, ಗುರುತಿನ ಚೀಟಿ, ವಿಮೆ ಈ ಮೂರನ್ನು ಕೇಳಲು ಒಬ್ಬೊಬ್ಬರೇ ಕಚೇರಿ ಮೆಟ್ಟಿಲು ಹತ್ತಿದರೆ ಜವಾನನೂ ಮಾತಾಡಿಸುವುದಿಲ್ಲ. ಸಂಘ ಬೇಕಾಗುವುದು ಇಲ್ಲಿ.

ಇನ್ನು ಆಸ್ಪತ್ರೆ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷದಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58 ಸಾವಿರ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಸಾಯುವವರು ಹೆಚ್ಚಾಗಿ ಹಳ್ಳಿಯವರು, ಗದ್ದೆ-ತೋಟದವರು. ಕರ್ನಾಟಕ ಸರಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕಾದ ಪಟ್ಟಿಗೆ ಸೇರಿಸಿತು. ಒಳ್ಳೆಯ ಕೆಲಸ. ಆದರೆ ಕಚ್ಚಿದ್ದು ಯಾವ ಹಾವು ಎಂದು ಹೇಳುವವರಾರು? ನಮ್ಮಲ್ಲಿ ಸಿಗುವ ವಿಷನಿರೋಧಕ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಘಟ್ಟದ ತೋಟಗಳಲ್ಲಿ ತರಗೆಲೆಯ ಬಣ್ಣಕ್ಕೆ ಬೆರೆತು ಬಿದ್ದಿರುವ, ಮೂಗಿನ ತುದಿ ಮೇಲೆದ್ದ ಸಣ್ಣ ಮಂಡಲದ ಹಾವಿಗೆ ಇದು ನಾಟುವುದಿಲ್ಲ. ಅದನ್ನು ಕೊಳಕುಮಂಡಲದ ಮರಿ ಎಂದು ತಪ್ಪು ತಿಳಿದರೆ ಮದ್ದು ದಂಡ, ರೋಗಿಗೆ ಗಂಡಾಂತರ. ಫೋನಿಗೆ ಬಂದ ಫೋಟೋ ನೋಡಿ ಹಾವು ಯಾವುದೆಂದು ಹೇಳಬಲ್ಲವನು ಹಾವು ಹಿಡಿಯುವವನೇ. "ಕೊಯ್ಯಬೇಡಿ, ಕಟ್ಟಬೇಡಿ, ಮಂತ್ರ ಹಾಕಿಸ್ತಾ ಕೂರಬೇಡಿ, ಗಾಡಿ ಹತ್ತಿಸಿ" ಎಂದು ಗದರಿಸಿದರೆ ಆ ಹೊತ್ತಿನಲ್ಲಿ ಜನ ಕೇಳುವುದೂ ಅವನ ಮಾತನ್ನೇ.

ಆದ್ದರಿಂದ ಪ್ರತಿ ಸದಸ್ಯನ ಬಳಿ ಒಂದು ಪುಸ್ತಕ ಇರಲಿ: ಹಾವು ಯಾವುದು, ಎಲ್ಲಿ ಸಿಕ್ಕಿತು, ಯಾವತ್ತು, ಎಲ್ಲಿ ಬಿಟ್ಟಿತು. ಕೊನೆಯ ಕಲಮು ಮುಖ್ಯ. "ಆಚೆ ಕಾಡಿಗೆ ಬಿಟ್ಟು ಬನ್ನಿ, ಮತ್ತೆ ಈ ಕಡೆ ತಲೆ ಹಾಕಬಾರದು" ಎನ್ನುತ್ತಾರೆ ಮನೆಯವರು. ಹಾವಿಗೂ ತನ್ನದೆಂಬ ಜಾಗ ಉಂಟು. ಆಗುಂಬೆಯಲ್ಲಿ 2008ರಿಂದ ಕಾಳಿಂಗಗಳ ಮೈಗೆ ರೇಡಿಯೋ ಅಳವಡಿಸಿ ಹಿಂಬಾಲಿಸಿದವರು ಇದನ್ನು ಕಂಡಿದ್ದಾರೆ. ಗುರುತಿಲ್ಲದ ಕಾಡಿಗೆ ಒಯ್ದು ಸುರಿದರೆ ಅದು ದಿಕ್ಕು ತಪ್ಪಿ ಅಲೆಯುತ್ತದೆ, ಇನ್ನೊಬ್ಬರ ಬಚ್ಚಲಿಗೆ ನುಗ್ಗುತ್ತದೆ, ಇಲ್ಲವೇ ಸಾಯುತ್ತದೆ.

ಮುಂದಿನ ಹತ್ತು-ಹದಿನೈದು ವರ್ಷದ ಗುರಿ ಏನಿರಬೇಕು ಎಂದು ಕೇಳಿದರೆ ತಮಿಳುನಾಡಿನ ಇರುಳರ ಕಡೆ ನೋಡಬೇಕು. ಚರ್ಮಕ್ಕಾಗಿ ಹಾವು ಹಿಡಿದು ಮಾರುತ್ತಿದ್ದ ಬಡ ಬುಡಕಟ್ಟು ಅದು. ಕಾಯಿದೆ ಬಂತು, ರಫ್ತು ನಿಂತಿತು, ಒಲೆ ಆರಿತು. 1978ರಲ್ಲಿ ರೋಮ್ಯುಲಸ್ ವಿಟೇಕರ್ ನೆರವಿನಿಂದ ಅವರದೇ ಸಹಕಾರ ಸಂಘ ಹುಟ್ಟಿತು. ಅದರ ಕೇಂದ್ರ ಇರುವುದು ಚೆನ್ನೈ-ಮಹಾಬಲಿಪುರ ರಸ್ತೆಯ ವಡನೆಮ್ಮೇಲಿಯಲ್ಲಿ. ಅರಣ್ಯ ಇಲಾಖೆ ಗೊತ್ತುಮಾಡಿದಷ್ಟೇ ಹಾವು ಹಿಡಿದು, ಮಣ್ಣಿನ ಗಡಿಗೆಯಲ್ಲಿ ಕೆಲವು ವಾರ ಇಟ್ಟು, ವಿಷ ತೆಗೆದು, ಹೊಟ್ಟೆಯ ಹುರುಪೆಗೆ ಗುರುತು ಮಾಡಿ ಮತ್ತೆ ಬಿಡುತ್ತಾರೆ. ದೇಶದ ವಿಷನಿರೋಧಕ ಮದ್ದಿನ ಬಹುಪಾಲು ನಿಂತಿರುವುದು ಈ ವಿಷದ ಮೇಲೆ. 2023ರಲ್ಲಿ ಆ ಸಂಘದ ಮಾಸಿ ಸಡೈಯನ್, ವಡಿವೇಲ್ ಗೋಪಾಲ್ ಇಬ್ಬರಿಗೆ ಪದ್ಮಶ್ರೀ ಬಂತು. ಇಲ್ಲೇ ಒಂದು ತೊಡಕೂ ಉಂಟು. ಊರಿಂದೂರಿಗೆ ಹಾವಿನ ವಿಷದ ಗುಣ ಬದಲಾಗುತ್ತದೆ, ಒಂದೇ ಕಡೆಯ ವಿಷದಿಂದ ಮಾಡಿದ ಮದ್ದು ಎಲ್ಲ ಕಡೆ ಒಂದೇ ಸಮ ಕೆಲಸ ಮಾಡುವುದಿಲ್ಲ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ತೋರಿಸಿದ್ದಾರೆ. ಹಾಗಾದರೆ ಮಲೆನಾಡಿನ ಹಾವಿನ ವಿಷ ಮಲೆನಾಡಿನಲ್ಲೇ ಸಂಗ್ರಹವಾಗಬೇಡವೇ? ಸರಕಾರದ ಕಾವಲಿನಲ್ಲಿ, ಹಾವು ಹಿಡಿಯುವವರದೇ ಸಹಕಾರ ಸಂಘದ ಕೈಯಿಂದ?

ಅಂಥ ಸಂಘದಲ್ಲಿ ಬೈಕಿನ ಹುಡುಗರಷ್ಟೇ ಇದ್ದರೆ ಸಾಲದು. 1972ರ ಕಾಯಿದೆಯಿಂದ ಬುಟ್ಟಿ-ಪುಂಗಿ ಕಳಕೊಂಡ ಹಾವಾಡಿಗರ ಮನೆಗಳಲ್ಲಿ ಹಾವಿನ ನಡೆ ಬಲ್ಲ ಹಳಬರು ಇನ್ನೂ ಇರಬಹುದು. ಅವರ ಕಸುಬು ಕಿತ್ತುಕೊಂಡವರು ಬದಲಿಗೆ ಏನು ಕೊಟ್ಟರು ಎಂಬುದು ಬೇರೆಯೇ ಕತೆ. ಅವರ ಮಕ್ಕಳಿಗೂ ಇಲ್ಲಿ ಒಂದು ಕುರ್ಚಿ ಬೇಕು.

ಮೊದಲ ಸಭೆಗೆ ಮಂತ್ರಿಗಳನ್ನು ಕಾಯುವುದು ಬೇಡ. ತಾಲೂಕು ಆಸ್ಪತ್ರೆಯ ಡಾಕ್ಟರನ್ನೂ ವಲಯ ಅರಣ್ಯಾಧಿಕಾರಿಯನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ, ಚುಚ್ಚುಮದ್ದು ಎಷ್ಟಿದೆ, ರಾತ್ರಿ ಹೊತ್ತು ಬೀಗದ ಕೈ ಯಾರ ಬಳಿ ಎಂದು ಕೇಳಲಿ. ಖರ್ಚು ತಲಾ ಒಂದು ಕಾಫಿ, ಎರಡು ಬಿಸ್ಕತ್ತು.