ಎರಡು ಹಂತದ ಕಂಪ್ರೆಸರ್ ಮತ್ತು ನಮ್ಮ ವಿದ್ಯುತ್ ಬಿಲ್ಲು

ಗದಗ-ಬೆಟಗೇರಿಯ ಮುದ್ರಣಾಲಯವಿರಲಿ, ಹತ್ತಿಯ ಜಿನ್ನಿಂಗ್ ಕಾರ್ಖಾನೆಯಿರಲಿ, ಅಸುಂಡಿ ಕಡೆಯ ಪಂಕ್ಚರ್ ಅಂಗಡಿಯಿರಲಿ, ಕಂಪ್ರೆಸರ್ ಕೊಳ್ಳುವಾಗ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡೇ: ಎಷ್ಟು ಅಶ್ವಶಕ್ತಿ, ಬೆಲೆ ಎಷ್ಟು? ಒಂದು ಘನ ಮೀಟರ್ ಗಾಳಿಗೆ ಎಷ್ಟು ವಿದ್ಯುತ್ ಎಂದು ಕೇಳುವವರು ವಿರಳ. ಯಂತ್ರದ ಬೆಲೆಯನ್ನು ಒಮ್ಮೆ ತೆರುತ್ತೇವೆ, ವಿದ್ಯುತ್ತಿನ ಬೆಲೆಯನ್ನು ತಿಂಗಳು ತಿಂಗಳೂ.

ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಕಾದ ಗಾಳಿಯನ್ನು ಮತ್ತೆ ಒತ್ತಲು ಹೆಚ್ಚು ಕೆಲಸ ಬೇಕು. 27 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನು ಒಂದೇ ಸಿಲಿಂಡರಿನಲ್ಲಿ 7 ಬಾರ್ ಗೇಜ್ ಒತ್ತಡಕ್ಕೆ ಏರಿಸಿದರೆ, ಶಾಖ ಹೊರಹೋಗದೆಂದು ಎಣಿಸಿದಲ್ಲಿ, ಅದರ ಉಷ್ಣಾಂಶ 270 ಡಿಗ್ರಿ ಮುಟ್ಟುತ್ತದೆ; ಪ್ರತಿ ಕಿಲೋಗ್ರಾಮಿಗೆ ಸುಮಾರು 245 ಕಿಲೋಜೂಲ್ ಕೆಲಸ ತಗಲುತ್ತದೆ. ಎರಡು ಹಂತ ಮಾಡಿ, ನಡುವೆ ಇಂಟರ್‌ಕೂಲರಿನಲ್ಲಿ ಪೂರ್ತಿ ತಣಿಸಿದರೆ 209 ಕಿಲೋಜೂಲ್ ಸಾಕು. ಉಳಿತಾಯ ಶೇ. 15ರಷ್ಟು. ಮೂರನೆಯ ಹಂತ ಸೇರಿಸಿದರೆ ಇನ್ನು ಶೇ. 5 ಮಾತ್ರ, ಕವಾಟ, ಕೊಳವೆಗಳ ನಷ್ಟದಲ್ಲಿ ಅದೂ ಬಹುಪಾಲು ಕರಗುತ್ತದೆ. ನಮ್ಮ ಒತ್ತಡಕ್ಕೆ ಎರಡು ಹಂತವೇ ಯೋಗ್ಯ.

10 ಅಶ್ವಶಕ್ತಿಯ ಯಂತ್ರ ದಿನಕ್ಕೆ 8 ಗಂಟೆಯಂತೆ 300 ದಿನ ಪೂರ್ಣ ಭಾರದಲ್ಲಿ ನಡೆದರೆ ಸುಮಾರು 18,000 ಯೂನಿಟ್ ನುಂಗುತ್ತದೆ. ವಾಸ್ತವದಲ್ಲಿ ಶೇ. 10 ಉಳಿದರೂ 1,800 ಯೂನಿಟ್. ಬೆಲೆಯ ಅಂತರ ಎಷ್ಟು ವರ್ಷಕ್ಕೆ ತೀರುವುದೆಂದು ಸದಸ್ಯರೇ ತಮ್ಮ ಬಿಲ್ಲು ನೋಡಿ ಲೆಕ್ಕ ಹಾಕಬಹುದು.

ಆದರೆ ಈ ಲಾಭವೆಲ್ಲ ಇಂಟರ್‌ಕೂಲರಿನ ರೆಕ್ಕೆಗಳನ್ನು ಅವಲಂಬಿಸಿದೆ. ಹತ್ತಿಯ ನಾರು, ಧೂಳು ಅಲ್ಲಿ ಕಟ್ಟಿಕೊಂಡರೆ ಎರಡು ಹಂತದ ಯಂತ್ರಕ್ಕೆ ಕೊಟ್ಟ ಹಣ ವ್ಯರ್ಥ. ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಕೋಣೆಯೊಳಗೆ ಯಂತ್ರವನ್ನು ಕೂಡಿಹಾಕುವ ಪದ್ಧತಿಯಂತೂ ನನಗೆ ಇಂದಿಗೂ ಅರ್ಥವಾಗಿಲ್ಲ. ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದ ಗದಗಿನಲ್ಲಿ ಗಾಳಿ ಮೊದಲೇ ಶೇ. 7ರಷ್ಟು ತೆಳು, ಅದನ್ನು ಕಾಯಿಸಿ ಒಳಗೆಳೆದರೆ ಇನ್ನೂ ತೆಳುವಾಗುತ್ತದೆ.

ಎರಡು ಹಂತಗಳ ನಡುವೆ ಗೇಜ್ ಇದ್ದರೆ ಅದು ಸುಮಾರು 1.8 ಬಾರ್ ತೋರಬೇಕು. ತಯಾರಕರ ಕೈಪಿಡಿಯ ಅಂಕಿ ಬೇರೆಯಿದ್ದರೆ ಅದೇ ಪ್ರಮಾಣ. ಬಹಳ ಏರಿದರೆ ಎರಡನೆಯ ಹಂತದ ಕವಾಟವನ್ನೂ ಇಳಿದರೆ ಮೊದಲ ಹಂತದ ಕವಾಟವನ್ನೂ ಫಿಲ್ಟರನ್ನೂ ನೋಡತಕ್ಕದ್ದು. ಪೈಪಿನಲ್ಲಿ 3 ಮಿಲಿಮೀಟರ್ ರಂಧ್ರವಿದ್ದರೆ ಸುಮಾರು 3 ಕಿಲೋವ್ಯಾಟ್ ಸೋರಿಹೋಗುತ್ತದೆ. ಸಾಬೂನು ನೀರಿನಿಂದ ಅದನ್ನು ಪತ್ತೆಹಚ್ಚಬಹುದು.

ಇಂಧನ ದಕ್ಷತಾ ಬ್ಯೂರೋ 2021ರ ಜನವರಿಯಲ್ಲಿ ಕಂಪ್ರೆಸರ್‌ಗಳಿಗೆ ಸ್ಟಾರ್ ಲೇಬಲ್ ಯೋಜನೆಯನ್ನು ಸ್ವಯಂಪ್ರೇರಿತ ನೆಲೆಯಲ್ಲಿ ಆರಂಭಿಸಿತು. ಅದರಷ್ಟಕ್ಕೇ ಕಾಯದೆ, ಘನ ಮೀಟರ್ ಗಾಳಿಗೆ ತಗಲುವ ವಿದ್ಯುತ್ತನ್ನು ದರಪಟ್ಟಿಯಲ್ಲಿ ಬರೆದುಕೊಡುವಂತೆ ನಮ್ಮ ಸಂಸ್ಥೆಯು ಮಾರಾಟಗಾರರನ್ನು ಒತ್ತಾಯಿಸಬೇಕು. ಬರೆದುಕೊಡದವರ ದರಪಟ್ಟಿಯನ್ನು ಸದಸ್ಯರು ಹಿಂದಿರುಗಿಸಲಿ.