ಅಪ್ಪನ ಸೈಕಲ್ಲಿಗೆ ಸೆಂಟರ್-ಪುಲ್ ಬ್ರೇಕ್ ಹಾಕಿದ್ದು ತಪ್ಪಾ?

ಮಸ್ಕಿಯ ಗೆಳೆಯನೊಬ್ಬ ಮೊನ್ನೆ ಸಿಂಧನೂರಿಗೆ ಬಂದವನು ನಮ್ಮ ಅಂಗಳದಲ್ಲಿ ನಿಂತಿದ್ದ ಸೈಕಲ್ ನೋಡಿ ಮಾತೇ ನಿಲ್ಲಿಸಿಬಿಟ್ಟ. ಆಮೇಲೆ, "ಏನಪಾ ಇದು, ಅಶೋಕನ ಶಾಸನಕ್ಕ ಆಯಿಲ್ ಪೇಂಟ್ ಹಚ್ಚಿದಂಗ ಮಾಡೀಯಲ್ಲ!" ಅಂದ. ಮಸ್ಕಿಯವರಿಗೆ ಯಾವ ಹೋಲಿಕೆಗೂ ಆ ಶಾಸನವೇ ಬೇಕು ಬಿಡಿ :) (1915ರಲ್ಲಿ ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್ ಕಣ್ಣಿಗೆ ಬಿದ್ದದ್ದು ಅದು.)

ನಾನು ಮಾಡಿದ ಪಾಪ ಇಷ್ಟೇ. ಅಪ್ಪನ 24 ಇಂಚಿನ ಕರಿ ಸೈಕಲ್ಲಿನ ರಾಡ್ ಬ್ರೇಕ್ ಬಿಚ್ಚಿ, ಕೇಬಲ್ಲಿನ ಸೆಂಟರ್-ಪುಲ್ ಬ್ರೇಕ್ ಹಾಕಿದ್ದೇನೆ. ಹಳೇ ಸೈಕಲ್ಲನ್ನು ಮುಟ್ಟಲೇಬಾರದು ಅನ್ನುವವರ ಜೊತೆ ನನ್ನದೊಂದು ತಕರಾರಿದೆ. ನಿಮ್ಮಲ್ಲೂ ಕೆಲವರ ಮನೆಯಲ್ಲಿ ಇಂಥದ್ದೊಂದು ಸೈಕಲ್ ಗೋಡೆಗೆ ಒರಗಿಕೊಂಡಿರಬಹುದು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೋದ ಮಳೆಗಾಲದಲ್ಲಿ ಅಣ್ಣನ ಮಗ ಆ ಸೈಕಲ್ ಹತ್ತಿ ಎಡದಂಡೆ ಕಾಲುವೆಯ ಸೇತುವೆಯಿಂದ ಇಳಿಯುತ್ತಿದ್ದ. ಎದುರಿಗೆ ಭತ್ತದ ಟ್ರ್ಯಾಕ್ಟರ್. ಹುಡುಗ ಬ್ರೇಕ್ ಒತ್ತಿದ್ದಾನೆ, ಮುಂದಿನ ರಾಡಿನ ಜಾಯಿಂಟ್ ಬಿಚ್ಚಿಕೊಂಡಿದೆ. ಹಿಂದಿನದು ಹಿಡಿದರೂ ರಿಮ್ ಒದ್ದೆ, ಗಾಲಿ ನಿಲ್ಲಲಿಲ್ಲ. ಸೀದಾ ಗದ್ದೆಗೆ ಹಾರಿ ಮುಂಗೈ ಮುರಿದುಕೊಂಡ. ಗದ್ದೆ ಇತ್ತು, ಬದುಕಿದ. ಅತ್ತಿಗೆ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಸೈಕಲ್ ಕೊಟ್ಟವನು ನಾನೇ ಅಲ್ಲವಾ...

ರಾಡ್ ಬ್ರೇಕನ್ನು ನಾನು ಹೀಗಳೆಯುವುದಿಲ್ಲ. ಅದರ ರಬ್ಬರು ರಿಮ್ಮಿನ ಒಳಮುಖಕ್ಕೆ, ಅಂದರೆ ಹಬ್ಬಿನ ಕಡೆಯ ಮೈಗೆ ಒತ್ತುತ್ತದೆ. ಹೀಗಾಗಿ ಗಾಲಿ ಸ್ವಲ್ಪ ಸೊಟ್ಟಗಾದರೂ ನಡೆಯುತ್ತದೆ. ಕೇಬಲ್ ಹರಿಯುವ ಭಯವಿಲ್ಲ. ಆದರೆ ಜಾಯಿಂಟುಗಳು ಹತ್ತಾರು, ಎಲ್ಲ ಸವೆದಿರುತ್ತವೆ. ಮೇಲಾಗಿ ಕ್ರೋಮ್ ಹಚ್ಚಿದ ಉಕ್ಕಿನ ರಿಮ್ ನೀರು ಬಿದ್ದರೆ ಎಣ್ಣೆ ಸವರಿದ ಹಾಗೆ.

ಮೊದಲು ಲಿಂಗಸುಗೂರಿನ ಒಬ್ಬ ಮೇಸ್ತ್ರಿಯ ಹತ್ತಿರ ಒಯ್ದೆ. ಒಳ್ಳೆಯ ಕೆಲಸಗಾರ. "ಫ್ರೇಮಿಗೆ ಎರಡು ತೂತು ಹೊಡದು, ಒಂದು ಪಟ್ಟಿ ವೆಲ್ಡಿಂಗ್ ಮಾಡಿದ್ರ ಆತು ನೋಡ್ರಿ, ಅರ್ಧ ತಾಸಿನ ಕೆಲಸ" ಅಂದರು. "ಬ್ಯಾಡ್ರಿ ಅಣ್ಣಾರ" ಅಂತ ವಾಪಸ್ ತಂದೆ. ತೆಳು ಪೈಪಿಗೆ ಹೊಡೆದ ತೂತನ್ನು ಮತ್ತೆ ಮುಚ್ಚುವವರು ಯಾರು? ಹಳೇ ಫ್ರೇಮಿನ ಬಗ್ಗೆ ನನ್ನ ನಿಯಮ ಒಂದೇ: ತೆಗೆದು ಹಾಕಿ, ಬದಲಾಯಿಸಿ, ಆದರೆ ಕೊರೆಯಬೇಡಿ.

ಅಷ್ಟಕ್ಕೂ ಕೊರೆಯುವ ಅಗತ್ಯವೇ ಬೀಳಲಿಲ್ಲ. ಮಡ್‌ಗಾರ್ಡ್ ಕೂರಿಸಲು ಮುಂದಿನ ಫೋರ್ಕಿನ ನೆತ್ತಿಯಲ್ಲೂ ಹಿಂದಿನ ಅಡ್ಡಪೈಪಿನಲ್ಲೂ ಮೊದಲೇ ತೂತಿತ್ತು. ನಿಜವಾದ ತಲೆನೋವು ಗಾಲಿಯದು. ನಮ್ಮ ಹಳೇ 28 × 1½ ರಿಮ್ಮಿನ ಪಕ್ಕ ದುಂಡಗಿರುತ್ತದೆ. ಎರಡು ಪಕ್ಕದಿಂದ ಹಿಡಿಯುವ ಬ್ರೇಕಿಗೆ ಅಲ್ಲಿ ಜಾಗವೇ ಇಲ್ಲ. ಹೊಸ 700ಸಿ ಅಲ್ಯೂಮಿನಿಯಂ ರಿಮ್ ತಂದು ಹಳೇ ಹಬ್ಬಿಗೆ ಕಟ್ಟೋಣವೆಂದರೆ ನಮ್ಮ ಸೈಕಲ್ಲಿಗೆ ಮುಂದೆ 32 ಕಡ್ಡಿ, ಹಿಂದೆ 40. ಸಿಕ್ಕ ರಿಮ್ಮಿಗೆ 36 ತೂತು! ಕೊನೆಗೆ ಹಬ್ ಸಮೇತ ಎರಡೂ ಗಾಲಿ ಹೊಸದಾಗಿ ಕಟ್ಟಿಸಿದೆ.

ಇಲ್ಲೇ ಸೆಂಟರ್-ಪುಲ್ ಯಾಕೆ ಅನ್ನೋದು ಬರುವುದು. ಹಳೇ ರಿಮ್ಮಿನಲ್ಲಿ ಟೈರ್ ಕೂರುವ ವ್ಯಾಸ 635 ಮಿ.ಮೀ., 700ಸಿ ರಿಮ್ಮಿನದು 622. ಅಂದರೆ ಬ್ರೇಕಿನ ರಬ್ಬರು ಇನ್ನೂ ಆರೂವರೆ ಮಿ.ಮೀ. ಕೆಳಗೆ ಮುಟ್ಟಬೇಕು. ಬೋಲ್ಟಿನಿಂದ ಅಳೆದರೆ ಮುಂದೆ 66, ಹಿಂದೆ 73 ಬಂತು. ಅಷ್ಟು ಉದ್ದದ ಅಗ್ಗದ ಸೈಡ್-ಪುಲ್ ಬ್ರೇಕ್ ಒತ್ತಿದರೆ ತೋಳು ಬಾಗುತ್ತದೆ, ಒಂದು ಕಡೆಗೆ ಎಳೆದುಕೊಂಡು ಗಾಲಿಗೆ ಉಜ್ಜುತ್ತದೆ. ಸೆಂಟರ್-ಪುಲ್‌ನಲ್ಲಿ ಎರಡು ತೋಳಿಗೂ ಬೇರೆ ಬೇರೆ ಕೀಲು. ಒಂದು ಚಿಕ್ಕ ತಂತಿ ಎರಡನ್ನೂ ಜೋಡಿಸಿ, ನಡುವಿನಿಂದ ಮೇಲಕ್ಕೆ ಎಳೆಯುತ್ತದೆ. ಫ್ರಾನ್ಸಿನ ಮಫಾಕ್ 1950ರ ದಶಕದಲ್ಲೇ ಮಾಡುತ್ತಿದ್ದ ಉಪಾಯ ಇದು. ನನಗೆ ಬೆಂಗಳೂರಿನ ಗೆಳೆಯನ ಡಬ್ಬಿಯಲ್ಲಿ ವೈನ್‌ಮನ್ 750 ಜೋಡಿ ಸಿಕ್ಕಿತು. ಅದೇ ಕಂಪನಿಯ 610ಕ್ಕಿಂತ ಇದರ ತೋಳು ಉದ್ದ. ಮಡ್‌ಗಾರ್ಡೂ ಉಳಿಯಿತು. ನಮ್ಮ ಎರೆ ಮಣ್ಣಿನ ಕೆಸರಿನಲ್ಲಿ ಅದಿಲ್ಲದೆ ಹೊರಗೆ ಹೋಗಿ ನೋಡಿ, ಬೆನ್ನ ತುಂಬ ನಕ್ಷೆ :)

ಕೇಬಲ್ ನಿಲ್ಲಿಸಲು ಮುಂದೆ ಹ್ಯಾಂಡಲ್ಲಿನ ಬುಡದ ನಟ್ಟಿನ ಕೆಳಗೆ ಒಂದು ಕೊಕ್ಕೆ, ಹಿಂದೆ ಸೀಟಿನ ಬೋಲ್ಟಿಗೆ ಇನ್ನೊಂದು. ಆ ಚಿಕ್ಕ ತಂತಿಯನ್ನು ತೀರಾ ಉದ್ದ ಬಿಡಬೇಡಿ. ಕೋನ ಅಗಲವಾಗಿದ್ದಷ್ಟೂ ಹಿಡಿತ ಜಾಸ್ತಿ. ಹಳೇ ರಬ್ಬರು ಕಲ್ಲಾಗಿರುತ್ತದೆ, ಎಸೆದು ಹೊಸದು ಹಾಕಿ. ಹ್ಯಾಂಡಲ್ಲನ್ನೂ ಬದಲಿಸಬೇಕಾಯಿತು, ಹಳೆಯದರಲ್ಲಿ ರಾಡಿನ ಲಿವರ್ ಅದರ ಜೊತೆಗೇ ಇತ್ತಲ್ಲ.

ಇದರ ಪುಣ್ಯವೆಲ್ಲ ಬ್ರೇಕಿನದೇ ಅಂದರೆ ಸುಳ್ಳು. ಅರ್ಧ ಅಲ್ಯೂಮಿನಿಯಂ ರಿಮ್ಮಿನದು. ಉಕ್ಕಿನ ರಿಮ್ ಇಟ್ಟುಕೊಂಡು ಬರೀ ಬ್ರೇಕ್ ಬದಲಿಸಿದರೆ ಮಳೆಯಲ್ಲಿ ಅದೇ ಕಥೆ.

ಗೆಳೆಯನಿಗೆ ಅಟ್ಟದ ಮೇಲಿನ ಗೋಣಿಚೀಲ ಇಳಿಸಿ ತೋರಿಸಿದೆ. ರಾಡುಗಳು, ಹ್ಯಾಂಡಲ್, ಎರಡು ಗಾಲಿ, ಒಂದು ನಟ್ಟೂ ಕಳೆದಿಲ್ಲ. ಒಂದು ಭಾನುವಾರ ಕೂತರೆ ಅಪ್ಪನ ಸೈಕಲ್ ಇದ್ದ ಹಾಗೇ ಆಗುತ್ತದೆ. ಶಾಸನ ಇದ್ದಲ್ಲೇ ಇದ್ದರೂ ಶಾಸನವೇ, ಆದರೆ ಸೈಕಲ್ ಓಡಬೇಕು ಮಾರಾಯಾ ಅಂದೆ. ಅವನು ಒಪ್ಪಲಿಲ್ಲ. ಒಂದು ರೌಂಡ್ ಹೊಡೆದು ಬಂದು, "ಬ್ರೇಕೇನೋ ಚಲೋ ಅದ, ಆದ್ರ ನೋಡಾಕ ಚಂದಿಲ್ಲ" ಅಂದ.

ನೋಡಲು ಚೆಂದವಿಲ್ಲ, ನಿಜ. ಅಣ್ಣನ ಮಗ ಈಗ ದಿನಾ ಅದರಲ್ಲೇ ಕಾಲೇಜಿಗೆ ಹೋಗುತ್ತಾನೆ. ಮುಂದಿನ ಬ್ರೇಕ್ ಮಾತ್ರ ಕಿರ್ರ್ ಅನ್ನುತ್ತಿದೆ. ರಬ್ಬರಿನ ಮುಂತುದಿ ಮೊದಲು ಮುಟ್ಟುವ ಹಾಗೆ ಸ್ವಲ್ಪ ಓರೆ ಮಾಡಿದ್ದೇನೆ, ಆದರೂ ಪೂರ್ತಿ ಹೋಗಿಲ್ಲ. ನಿಮ್ಮಲ್ಲಿ ಯಾರಿಗಾದರೂ ಬೇರೆ ಉಪಾಯ ಗೊತ್ತಿದ್ದರೆ ತಿಳಿಸಿ.